ಪಾಪದ ಹಾವು

ಕಳೆದ ಮಳೆಗಾಲ ಮುಗಿಯುತ್ತಾ ಬಂದಿತ್ತು. ನಮ್ಮ ಚರ್ಚಿನ ಅಡಿಗೆಕೋಣೆಯ ಹಿಂದೆ ಪೇರಿಸಿಟ್ಟ ಹಳೇ ಹೆಂಚಿನ ರಾಶಿಯೊಳಗಿಂದ ಆರಡಿ ಉದ್ದದ ಕೇರೆ ಹಾವೊಂದು ಹೊರಗೆ ಬಂತು. ಭಾನುವಾರ ಹನ್ನೊಂದು ಗಂಟೆ, ಆರಾಧನೆ ಬಿಟ್ಟ ಹೊತ್ತು. ಹೆಂಗಸರು ಸೆರಗು ಎತ್ತಿಕೊಂಡು ಮೆಟ್ಟಿಲು ಹತ್ತಿದರು, ಗಂಡಸರು ಮೊಬೈಲು ಎತ್ತಿಕೊಂಡು ಹತ್ತಿರ ಹೋದರು. ಗಂಟೆ ಹೊಡೆಯುವ ಅಣ್ಣ ಮಾತ್ರ ಪೊರಕೆ ಊರಿ ನಿಂತಲ್ಲಿಂದಲೇ ಹೇಳಿದ: "ಎಂತ ಮಾಡುದಿಲ್ಲ ಮಾರಾಯ್ರೆ, ಅದು ಪಾಪದ ಹಾವು."

ಘಟ್ಟದ ಮೇಲಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕರಾವಳಿಯಲ್ಲಿ ‘ಅವ ಪಾಪದವ’ ಎಂದರೆ ಯಾರ ತಂಟೆಗೂ ಹೋಗದವನು, ಕೇಳಿದ್ದನ್ನು ಕೊಡುವವನು, ಸ್ವಲ್ಪ ಪೆದ್ದನೂ ಇರಬಹುದೇನೋ ಎಂಬ ಅನುಮಾನಕ್ಕೆ ಗುರಿಯಾದವನು. ವಿಷವಿಲ್ಲದ ಹಾವು ಪಾಪದ ಹಾವು, ಹಾಯದ ದನ ಪಾಪದ ದನ. ಆದರೆ ಅದೇ ಕರಾವಳಿಯ ಚರ್ಚಿನ ಹೊಸ್ತಿಲು ದಾಟಿ ಒಳಗೆ ಬಂದರೆ ಪದದ ಅರ್ಥ ಕಾಲು ಮೇಲೆ ಮಾಡಿ ನಿಲ್ಲುತ್ತದೆ. ಅಲ್ಲಿ ಪಾಪ ಎಂದರೆ ಪಾಪವೇ. ಹೀಗೆ ನಾವು ಅಂಗಳದಲ್ಲಿ ಪಾಪದವರು, ಒಳಗೆ ಪಾಪಿಗಳು. ಮತ್ತೆ ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಪಾಪದವರು.

ಸಂಡೇಸ್ಕೂಲಿನ ಎರಡನೇ ಕ್ಲಾಸಿನ ಹುಡುಗನೊಬ್ಬನಿಗೆ ಈ ತೊಡಕು ತಕ್ಷಣ ಹೊಳೆಯಿತು. "ಟೀಚರ್, ಪಾಪದ ಹಾವು ಅಂದ್ರೆ ಏದೆನ್ ತೋಟದ್ದಾ?" ಎಂದು ಕೇಳಿದ. ಟೀಚರು "ಸುಮ್ಮನಿರು ಮಗಾ" ಎಂದರು. ದೈವಶಾಸ್ತ್ರದ ದೊಡ್ಡ ದೊಡ್ಡ ಪ್ರಶ್ನೆಗಳಿಗೆಲ್ಲ ನಮ್ಮ ಸಭೆಯಲ್ಲಿ ಇದೇ ಉತ್ತರ. ಅಷ್ಟರಲ್ಲಿ ಹಾವು ಅಯ್ಯನವರ ಸ್ಕೂಟರಿನ ಕೆಳಗಿನಿಂದ ಹಾದು ಗೋಡೆಯ ಬಿರುಕಿನಲ್ಲಿ ಮಾಯವಾಯಿತು.

ಅಯ್ಯನವರು ಸಿಕ್ಕಿದ್ದನ್ನು ಬಿಡುವವರಲ್ಲ. ಮುಂದಿನ ಭಾನುವಾರದ ಪ್ರಸಂಗ ಮತ್ತಾಯನ ಸುವಾರ್ತೆಯ 10ನೇ ಅಧ್ಯಾಯ, 16ನೇ ವಚನ. ಹಾವಿನ ಜಾಣತನ, ಪಾರಿವಾಳದ ನಿಷ್ಕಪಟ. ಮೂವತ್ತೆರಡು ನಿಮಿಷ, ಮೂರು ತಲೆಬರಹ, ಮೂರೂ ‘ಸ’ಕಾರದಿಂದ ಶುರು. ಎಲ್ಲರೂ ತಲೆದೂಗಿದೆವು. ಮುಂದಿನ ಬೆಂಚಿನ ಹಿರಿಯರೊಬ್ಬರು ಫ್ಯಾನಿನ ಗಾಳಿಗೆ ಕಣ್ಣು ಮುಚ್ಚಿ ಹೆಚ್ಚೇ ತಲೆದೂಗಿದರು.

ಆ ಮಾತು ಹುಟ್ಟಿದ ಸಂದರ್ಭವನ್ನು ಮನೆಗೆ ಬಂದು ಮತ್ತೊಮ್ಮೆ ಓದಿದೆ. ಯೇಸುಸ್ವಾಮಿ ಹನ್ನೆರಡು ಮಂದಿಯನ್ನು ಊರೂರಿಗೆ ಕಳಿಸುತ್ತಿದ್ದಾನೆ. ಸೊಂಟದಲ್ಲಿ ಚಿನ್ನ, ಬೆಳ್ಳಿ, ತಾಮ್ರ ಕಟ್ಟಿಕೊಳ್ಳಬೇಡಿ, ಜೋಳಿಗೆ ಬೇಡ, ಎರಡನೇ ಅಂಗಿ ಬೇಡ. ಹೋಗುವುದು ತೋಳಗಳ ನಡುವೆ, ಹೋಗುತ್ತಿರುವ ನೀವು ಕುರಿಗಳು ಎಂದು ಮೊದಲೇ ಎಚ್ಚರಿಸುತ್ತಾನೆ. ಹಾವೂ ಪಾರಿವಾಳವೂ ಬರುವುದು ಅದಾದ ಮೇಲೆ. ಮುಂದಿನ ಮಾತಿನಲ್ಲೇ ನ್ಯಾಯಸಭೆ, ಚಾವಟಿ, ಅಧಿಪತಿಗಳ ಎದುರು ನಿಲ್ಲುವ ಮಾತು ಬರುತ್ತದೆ. ಜಾಣತನ ಬೇಕಾದದ್ದು ತೋಳದ ಎದುರು. ಕುರಿಯ ಎದುರು ಅಲ್ಲ.

ನಿಷ್ಕಪಟ ಎಂದು ನಾವು ಓದುವಲ್ಲಿ ಗ್ರೀಕ್ ಮೂಲದಲ್ಲಿರುವ ಪದ ‘ಅಕೆರಾಯೊಸ್’. ಬೆರಕೆ ಇಲ್ಲದ್ದು ಎಂದರ್ಥ. ನೀರು ಕೂಡಿಸದ ದ್ರಾಕ್ಷಾರಸಕ್ಕೂ ಇನ್ನೊಂದು ಲೋಹ ಸೇರದ ಲೋಹಕ್ಕೂ ಆ ಜನ ಅದೇ ಪದ ಬಳಸುತ್ತಿದ್ದರು. ನಮ್ಮ ಅಕ್ಕಸಾಲಿಗರು ಅಪರಂಜಿ ಅನ್ನುತ್ತಾರಲ್ಲ, ಅದು. ಪೆದ್ದುತನಕ್ಕೂ ಅದಕ್ಕೂ ನೆಂಟಸ್ತನವೇ ಇಲ್ಲ. ಪೆದ್ದು ಪಾರಿವಾಳ ಬೈಬಲಿನಲ್ಲಿ ಬೇರೆಯೇ ಉಂಟು: ಪ್ರವಾದಿ ಹೋಶೇಯ ಎಫ್ರಾಯೀಮನ್ನು ಬೈಯುವಾಗ, ಒಮ್ಮೆ ಐಗುಪ್ತವನ್ನು ಕೂಗಿ ಇನ್ನೊಮ್ಮೆ ಅಶ್ಶೂರಕ್ಕೆ ಓಡುವ ಬುದ್ಧಿಗೇಡಿ ಹಕ್ಕಿ ಎಂದು ಅದನ್ನೇ ಎತ್ತಿ ತೋರಿಸುತ್ತಾನೆ. ಹಾವಿನ ಬಗ್ಗೆ ನಾಲ್ಕನೇ ಶತಮಾನದ ದೊಡ್ಡ ಪ್ರಸಂಗಿ ಕ್ರಿಸೊಸ್ತೊಮ್ ಹೇಳಿದ್ದು ಇನ್ನೂ ಚೆಂದ. ಹಾವು ಮೈಯನ್ನೇ ತುಂಡರಿಸಿದರೂ ಬಿಟ್ಟುಕೊಡುತ್ತದಂತೆ, ತಲೆಯನ್ನು ಮಾತ್ರ ಕಾಪಾಡಿಕೊಳ್ಳುತ್ತದಂತೆ. ನೀವೂ ಆಸ್ತಿ, ಮೈ, ಪ್ರಾಣ ಯಾವುದು ಹೋದರೂ ಹೋಗಲಿ, ವಿಶ್ವಾಸ ಉಳಿಸಿಕೊಳ್ಳಿ ಎಂದು ಅವನ ತಾತ್ಪರ್ಯ.

ನಮ್ಮದು ಇದರ ತಲೆಕೆಳಗು. ತಲೆ ಹೋದರೆ ಹೋಗಲಿ, ಬಾಲದ ತುದಿಯ ಐದು ಸೆಂಟ್ಸ್ ಜಾಗ ಬಿಡಲಾರೆವು. ಹಾವಿನ ಪಾಠವೂ ಪಾರಿವಾಳದ ಪಾಠವೂ ನಮಗೆ ಬಾಯಿಪಾಠವೇ. ಅಡ್ರೆಸ್ಸು ಮಾತ್ರ ಅದಲುಬದಲಾಗಿದೆ. ತೋಳ ಬಂದಾಗ ಪಾರಿವಾಳ, ಕುರಿ ಸಿಕ್ಕಾಗ ಹಾವು.

ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು ನಾನು. ಹಾವು ಯಾವುದು ಹಗ್ಗ ಯಾವುದು ಎಂದು ಸಹಿ ನೋಡಿಯೇ ಹೇಳುವ ಅಭ್ಯಾಸ. ಹಾಗಾಗಿ ಮೊದಲು ಚರ್ಚಿನ ಬಾಗಿಲಿನಿಂದಲೇ ಶುರುಮಾಡುತ್ತೇನೆ.

ಹಿಂದೆಲ್ಲ ಕಾಣಿಕೆಗೆ ಮರದ ಹಿಡಿಯ ಮಖಮಲ್ಲಿನ ಚೀಲ ಬರುತ್ತಿತ್ತು. ಬಸ್ಸಿನ ಕಂಡಕ್ಟರು ವಾಪಸು ಕೊಟ್ಟ ನೋಟುಗಳಿಗೆಲ್ಲ ಅದೇ ಮೋಕ್ಷದ ದಾರಿ. ಮಡಚಿ ಮಡಚಿ ಸ್ಟಾಂಪಿನಷ್ಟು ಮಾಡಿ, ಮುಷ್ಟಿಯನ್ನು ಪೂರ್ತಿ ಒಳಗಿಳಿಸಿದರೆ ಎಡಗೈಗಷ್ಟೇ ಅಲ್ಲ, ಪಕ್ಕದಲ್ಲಿ ಕೂತ ಹೆಂಡತಿಗೂ ಬಲಗೈ ಮಾಡಿದ್ದು ತಿಳಿಯುತ್ತಿರಲಿಲ್ಲ. ಈಗ ಕಮಿಟಿಯವರು ಬಾಗಿಲ ಬಳಿ ಕ್ಯೂಆರ್ ಕೋಡ್ ಅಂಟಿಸಿ, ಪಕ್ಕದಲ್ಲೊಂದು ಮಾತಾಡುವ ಪೆಟ್ಟಿಗೆ ಇಟ್ಟಿದ್ದಾರೆ. ಸ್ಕ್ಯಾನ್ ಮಾಡಿದ ಕೂಡಲೇ ಅದರೊಳಗಿನ ಹುಡುಗಿ ಸ್ಪಷ್ಟ ಕನ್ನಡದಲ್ಲಿ ‘ಹತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಇಡೀ ಸಭೆಗೆ ಸಾರುತ್ತಾಳೆ. ಮೊದಲ ವಾರ ಎರಡು ಮೂರು ಗೌರವಸ್ಥ ಕುಟುಂಬಗಳ ಮಾನ ಹೋಯಿತು. ಮೂರನೇ ವಾರಕ್ಕೆ ಹಾವು ಎಚ್ಚೆತ್ತಿತು. ಹತ್ತು ರೂಪಾಯಿಯವರು ಆರ್ಗನ್ ಜೋರಾಗಿ ನುಡಿಯುವ ಗೀತೆಯ ಹೊತ್ತಿಗೆ ಸ್ಕ್ಯಾನ್ ಮಾಡುತ್ತಾರೆ. ಎರಡು ಸಾವಿರದವರು ಮೌನ ಪ್ರಾರ್ಥನೆಗೆ ಕಾಯುತ್ತಾರೆ.

ಇನ್ನು ಕೈಸರನ ವಿಷಯ. ನಮ್ಮ ಹಿರಿಯರೊಬ್ಬರು ಪೇಟೆಯ ಹತ್ತಿರದ ಜಾಗ ಮಾರಿದರು. ವ್ಯವಹಾರ ಕುದುರಿದ ಸಂಜೆ ಮನೆಯಲ್ಲಿ ಸ್ತೋತ್ರದ ಪ್ರಾರ್ಥನೆ ಇತ್ತು, ನಾನೂ ಹೋಗಿದ್ದೆ. ಕ್ರಯಪತ್ರದಲ್ಲಿ ಕಾಣಿಸುವ ಮೊತ್ತ ಗೈಡೆನ್ಸ್ ವ್ಯಾಲ್ಯೂಗೆ ಸರಿಯಾಗಿ, ಒಂದು ಪೈಸೆ ಹೆಚ್ಚಿಲ್ಲ ಕಮ್ಮಿಯಿಲ್ಲ. ಮೇಲಿನದು ಬ್ಯಾಗಿನಲ್ಲಿ ಬಂದಿತ್ತು. "ಕೈಸರನದು ಕೈಸರನಿಗೆ ಕೊಟ್ಟಾಯ್ತಲ್ಲ, ಉಳಿದದ್ದು ದೇವರ ಆಶೀರ್ವಾದ" ಎಂದು ಅವರು ಬ್ಯಾಗನ್ನು ಮಂಚದ ಕೆಳಗೆ ತಳ್ಳುತ್ತಾ ಹೇಳಿದರು. ತೆರಿಗೆಯ ಪ್ರಶ್ನೆ ಹಾಕಿದವರಿಂದಲೇ ಯೇಸು ನಾಣ್ಯ ಕೇಳಿ ಪಡೆದು, ಇದರಲ್ಲಿ ಯಾರ ಮುಖ ಇದೆ ಎಂದು ಕೇಳಿದ ಕತೆ ಗೊತ್ತಲ್ಲ. ಅದರ ಚೋದ್ಯ ಇರುವುದು ಇಲ್ಲಿ: ಭಕ್ತಿಯ ಸಂದೇಹ ಹೊತ್ತು ಬಂದವರ ಜೇಬಿನಲ್ಲೇ ಕೈಸರನಿದ್ದ. ಇದನ್ನೆಲ್ಲ ಬರೆದಿಟ್ಟ ಮತ್ತಾಯನೂ ಮೊದಲು ಸುಂಕದ ಕಟ್ಟೆಯಲ್ಲಿ ಕೂತವನಂತೆ. ಮಂಚದ ಕೆಳಗೆ ಬಗ್ಗಿ ನೋಡುವುದು ಅವನಿಗೆ ಹೊಸತೇನಲ್ಲ.

ನಮ್ಮ ಫ್ಲ್ಯಾಟಿನ ಮೇಲಿನ ಮನೆಯ ಬಾಯಮ್ಮ ಕಥೊಲಿಕರು. ತಪಸ್ಸು ಕಾಲದ ಶುಕ್ರವಾರ ಅವರ ಮನೆಯಲ್ಲಿ ಮಾಂಸ ಕಡ್ಡಾಯವಾಗಿ ವರ್ಜ್ಯ. ಹಂದಿ ಇಲ್ಲ, ಕೋಳಿ ಇಲ್ಲ. ಅಂದು ಅವರು ಬಹಳ ಸರಳವಾಗಿ ಅಂಜಲ್ ಮೀನಿನ ದಪ್ಪ ತುಂಡುಗಳಿಗೆ ಮಸಾಲೆ ಹಚ್ಚಿ, ತವಾದ ಮೇಲೆ ಎರಡೂ ಬದಿ ಕೆಂಪಗೆ ಕಾಯಿಸಿ, ಮೇಲೆ ಲಿಂಬೆ ಹಿಂಡಿ ದೇಹವನ್ನು ದಂಡಿಸುತ್ತಾರೆ. ಅದೇ ದುಡ್ಡಿಗೆ ಎರಡು ಕಿಲೋ ಹಂದಿ ಬರುತ್ತಿತ್ತು ಎಂದು ಅವರ ಗಂಡ ಗೊಣಗುತ್ತಾರೆ. ತ್ಯಾಗ ಎಂದರೆ ಖರ್ಚಿದ್ದೇ ಇದೆ ಎಂದು ಅವರು ಬಾಯಿ ಮುಚ್ಚಿಸುತ್ತಾರೆ. ಕರೆ ಬಂದರೆ ನಾನೂ ಉಪವಾಸಕ್ಕೆ ಹೋಗುತ್ತೇನೆ. ಇದರಲ್ಲಿ ನಾವೇನೂ ಮೊದಲಿಗರಲ್ಲ. 2010ರಲ್ಲಿ ಅಮೆರಿಕದ ನ್ಯೂ ಓರ್ಲಿಯನ್ಸಿನ ಆರ್ಚ್‌ಬಿಷಪ್ಪರು ಮೊಸಳೆಯ ಜಾತಿಯ ಆಲಿಗೇಟರ್ ಕೂಡ ಈ ಲೆಕ್ಕದಲ್ಲಿ ಮೀನೇ ಎಂದು ಕಾಗದ ಬರೆದುಕೊಟ್ಟಿದ್ದಾರೆ. ಹಾವಿನ ಜಾಣತನಕ್ಕೆ ಹಾವಿನ ನೆಂಟನೇ ಬಲಿಯಾದದ್ದು ನೋಡಿ.

ಇವೆಲ್ಲ ಪಾಪದ ಹಾವುಗಳು, ಬಿಡಿ. ಹಲ್ಲಿದ್ದರೂ ವಿಷವಿಲ್ಲ. ವಿಷ ಇರುವುದು ಕುಟುಂಬ ಪ್ರಾರ್ಥನೆ ಮುಗಿದು ಚಾ, ಅಂಬೊಡೆ ಬರುವ ಹತ್ತು ನಿಮಿಷದಲ್ಲಿ.

"ಹೇಳ್ಬಾರ್ದು, ಆದ್ರೆ ಪ್ರಾರ್ಥನೆ ಮಾಡ್ಲಿಕ್ಕೆ ಅಂತ ಹೇಳ್ತಿದ್ದೇನೆ. ಆ ಮೂಲೆಮನೆಯವರ ಮಗಳು ಬೆಂಗಳೂರಿಂದ ಬಂದು ಮೂರು ತಿಂಗ್ಳಾಯ್ತು."

"ಗಂಡ ಬರ್ಲಿಲ್ವಾ?"

"ಅದಕ್ಕೇ ಅಲ್ವಾ ಪ್ರಾರ್ಥನೆ."

ಮರುದಿನ ಹಾಲಿನ ಬೂತಿನ ತನಕ ಇಡೀ ಪೇಟೆ ಆ ಹುಡುಗಿಗೋಸ್ಕರ ಪ್ರಾರ್ಥಿಸುತ್ತಿತ್ತು. ಅವಳ ಮನೆಯ ಗಂಟೆ ಒತ್ತಿ ಊಟ ಆಯಿತಾ ಎಂದು ಕೇಳಿದವರು ಒಬ್ಬರೂ ಇಲ್ಲ. ದೇವರಿಗೆ ಒಪ್ಪಿಸಿದ ಮೇಲೆ ಮತ್ತೆ ನಾವು ತಲೆಹಾಕುವುದು ಅವಿಶ್ವಾಸ ಆಗುತ್ತದಲ್ಲ.

ಈಗ ತೋಳದ ಕಡೆ ಬರೋಣ. ನನ್ನ ಚಿಕ್ಕಮ್ಮನಿಗೆ ಎಪ್ಪತ್ತೆರಡು. ಮೀನಿನವಳ ಬುಟ್ಟಿಯ ಎದುರು ಅವರು ಕುಕ್ಕರಗಾಲಿನಲ್ಲಿ ಕೂತದ್ದನ್ನು ನೀವು ನೋಡಬೇಕು. ನೂರಕ್ಕೆ ಇಪ್ಪತ್ತು ಬೂತಾಯಿ ಎಂದರೆ ಇವರು ಇಪ್ಪತ್ತೈದು ಎನ್ನುತ್ತಾರೆ. ಒಂದೊಂದರ ಕಿವಿರು ಎತ್ತಿ ಕೆಂಪು ನೋಡುತ್ತಾರೆ. ಇಪ್ಪತ್ಮೂರಕ್ಕೆ ಒಪ್ಪಂದವಾದ ಮೇಲೂ ಎದ್ದು ಹೋಗುವಾಗ ಎರಡು ಎತ್ತಿ ಬೆಕ್ಕಿಗೆ ಎಂದು ಹಾಕಿಕೊಳ್ಳುತ್ತಾರೆ. ಅವರ ಮನೆಯಲ್ಲಿ ಬೆಕ್ಕಿಲ್ಲ.

ಇದೇ ಚಿಕ್ಕಮ್ಮ ಯೂಟ್ಯೂಬಿನಲ್ಲಿ ಬಿಳಿ ಕೋಟು ಹಾಕಿದ ಒಬ್ಬ ‘ದೇವಸೇವಕ’ನಿಗೆ ಇಪ್ಪತ್ತೈದು ಸಾವಿರ ರೂಪಾಯಿ ಕಳಿಸಿದರು. ಬೀಜದ ಕಾಣಿಕೆಯಂತೆ. ಬಿತ್ತಿದರೆ ನೂರರಷ್ಟು ಫಲವಂತೆ. ಕಿವಿರು ಎತ್ತಿ ನೋಡಲಿಲ್ಲ. ಚೌಕಾಸಿ ಮಾಡಲಿಲ್ಲ. ಇಪ್ಪತ್ತೆರಡಕ್ಕೆ ಕೊಡಿ ಎಂದು ಕೂಡ ಕೇಳಲಿಲ್ಲ. ನಾನು, "ಚಿಕ್ಕಮ್ಮ, ನೂರರಷ್ಟು ಬಡ್ಡಿ ಯಾವ ಬ್ಯಾಂಕಿನಲ್ಲೂ ಇಲ್ಲ" ಎಂದೆ. "ದೇವರ ಮನುಷ್ಯರ ಮೇಲೆ ಸಂಶಯ ಪಡುದಾ ಮಗ? ನೀನು ಬ್ಯಾಂಕಿನವ, ನಿನಗೆ ವಿಶ್ವಾಸ ಕಡಿಮೆ" ಎಂದರು.

ಇದಕ್ಕೆ ನನ್ನ ಹತ್ತಿರ ಒಳ್ಳೇ ಉತ್ತರ ಇತ್ತು, ಕೊಡಲಿಲ್ಲ. ಯಾಕೆಂದರೆ ಮಾರ್ಚ್ ತಿಂಗಳ ಟಾರ್ಗೆಟ್ಟು ಕುತ್ತಿಗೆಗೆ ಬಂದಿದ್ದ ಒಂದು ವರ್ಷ, ಐದೇ ವರ್ಷಕ್ಕೆ ದುಪ್ಪಟ್ಟು ಎಂದು ಹೇಳಿ ಇದೇ ಚಿಕ್ಕಮ್ಮನಿಗೆ ಒಂದು ಇನ್ಶೂರೆನ್ಸ್ ಪಾಲಿಸಿ ಹೊಡೆದವನು ನಾನೇ. ಆಗಲೂ ಅವರು ಓದದೆ ಸಹಿ ಹಾಕಿದ್ದರು. ಬಿಳಿ ಕೋಟಿನವನಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ: ಅವನು ನೂರರಷ್ಟು ಎಂದ, ನಾನು ಸ್ವಲ್ಪ ಸಂಕೋಚದ ಮನುಷ್ಯ.

ತೋಳ ಎಂದರೆ ಬರೀ ದುಡ್ಡಿನ ತೋಳವಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರು ಸುತ್ತಮುತ್ತ ಚರ್ಚುಗಳ ಮೇಲೆ, ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಆಮೇಲೆ ನ್ಯಾಯಮೂರ್ತಿ ಸೋಮಶೇಖರ ಆಯೋಗ ಬಂತು, ಹೇಳಿಕೆ ಕೊಡಿ ಎಂದು ಕರೆಯಿತು. ಅಧಿಪತಿಗಳ ಎದುರು ನಿಂತು ಕಂಡದ್ದನ್ನು ಕಂಡಹಾಗೆ ಹೇಳುವುದಕ್ಕೆಂದೇ ಅಲ್ಲವೇ ಆ ಜಾಣತನದ ಪಾಠ? ಹೋದವರು ಹೋದರು, ಅವರ ಧೈರ್ಯಕ್ಕೆ ನಾನು ಟೋಪಿ ತೆಗೆಯುತ್ತೇನೆ. ನಮ್ಮ ಬೀದಿಯ ಕೆಲವರು ಮಾತ್ರ, "ನಮಗೆ ಯಾಕೆ, ನಾವು ಪಾಪದವರು" ಎಂದು ಕಿಟಕಿ ಹಾಕಿಕೊಂಡರು. ಗಲ್ಲಿಯಲ್ಲಿ ಯಾರ ಮನೆಗೆ ಯಾರು ಎಷ್ಟು ಗಂಟೆಗೆ ಬಂದರು ಎಂದು ವರ್ಷವಿಡೀ ಬಲ್ಲ ಕಿಟಕಿಗಳವು. ಕಮಿಟಿಯವರು ಆಮೇಲೆ ಗೋಡೆ ಎತ್ತರಿಸಿದರು, ಕ್ಯಾಮೆರಾ ಹಾಕಿಸಿದರು. ಈ ತನಕ ಆ ಕ್ಯಾಮೆರಾ ಹಿಡಿದದ್ದು ಎರಡು ಕೊಡೆ ಕದ್ದವರನ್ನು, ಒಂದು ಕಾರಿಗೆ ಗೀರು ಎಳೆದವರನ್ನು. ಮೂವರೂ ಸಭೆಯ ಪೂರ್ಣ ಸದಸ್ಯರು, ಚಂದಾ ಬಾಕಿ ಇಲ್ಲ.

ಪಾರಿವಾಳ ಎಂದ ಕೂಡಲೇ ಇನ್ನೊಂದು ನೆನಪಾಗುತ್ತದೆ. ಮಗನ ಮನೆ ಬೆಂಗಳೂರಿನಲ್ಲಿ, ಒಂಬತ್ತನೇ ಮಾಳಿಗೆ. ಬಾಗಿಲ ಮೇಲೆ ಆಲಿವ್ ಎಲೆ ಕಚ್ಚಿದ ಬಿಳಿ ಪಾರಿವಾಳದ ಚಿತ್ರ. ಬಾಲ್ಕನಿಗೆ ಪಾರಿವಾಳ ಬಾರದ ಹಾಗೆ ನೈಲಾನ್ ಬಲೆ. ನಿಜವಾದ ಪಾರಿವಾಳ ಏಸಿಯ ಡಬ್ಬದ ಮೇಲೆ ನಾಲ್ಕು ಕಡ್ಡಿ ಇಟ್ಟು ಅದೇ ಗೂಡೆಂದು ನಂಬಿ ಮೊಟ್ಟೆ ಇಡುವಂಥದ್ದು. ಸೊಸೆಗೆ ಅದರ ಹಿಕ್ಕೆಯದ್ದೇ ತಲೆನೋವು. ಅವಳ ತಪ್ಪೂ ಇಲ್ಲ. ನಿಷ್ಕಪಟ ಚಿತ್ರದಲ್ಲಿದ್ದರೆ ಸುಂದರ, ಮನೆಯೊಳಗೆ ಬಂದರೆ ಗುಡಿಸುವವರು ಯಾರು? ಹಿಂದೆಯೂ ಹೀಗೇ ಇತ್ತು. ಕುರಿಮರಿ ತರಲು ಗತಿಯಿಲ್ಲದ ಬಡವರು ದೇವಾಲಯಕ್ಕೆ ಕೊಡುತ್ತಿದ್ದದ್ದು ಜೋಡಿ ಪಾರಿವಾಳ. ಯೇಸುವಿನ ತಾಯಿತಂದೆಯೂ ಆ ಬಡವರ ಸಾಲಿನಲ್ಲೇ ನಿಂತವರು. ಆ ಹಕ್ಕಿ ಮಾರುವವರು ದೇವಾಲಯದ ಅಂಗಳದಲ್ಲೇ ಕುರ್ಚಿ ಹಾಕಿ ಕೂತಿದ್ದರು. ಆತ ಮಗುಚಿ ಹಾಕಿದ್ದು ಚಿನಿವಾರರ ಮೇಜನ್ನು ಮಾತ್ರವಲ್ಲ, ಈ ಕುರ್ಚಿಗಳನ್ನೂ. ಕುರ್ಚಿ ಮಗುಚಿದ ಭಾಗವನ್ನು ನಮ್ಮ ಕಮಿಟಿ ಚುನಾವಣೆಯ ವರ್ಷ ಅಯ್ಯನವರು ಓದುವುದಿಲ್ಲ.

ಎಲ್ಲರೂ ಹೀಗೇ ಇದ್ದರು ಎಂದರೆ ಸುಳ್ಳಾಗುತ್ತದೆ. ಆ ಕೇರೆ ಹಾವು ಹೊರಬಂದ ಹೆಂಚಿನ ರಾಶಿಯನ್ನೇ ನೋಡಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಹೊಸದಾಗಿ ಸಭೆ ಸೇರಿದವರಿಗೆ ಕಳ್ಳು ಮುಟ್ಟಬೇಡಿ ಎಂದರು. ಸೇರಿದವರಲ್ಲಿ ಬಹಳ ಮಂದಿ ಮೂರ್ತೆಯಿಂದಲೇ ಹೊಟ್ಟೆ ಹೊರೆಯುತ್ತಿದ್ದವರು. ಕಳ್ಳು ಬಿಡು ಎನ್ನುವುದು ಸುಲಭ, ಬಿಟ್ಟವನು ಸಂಜೆಗೆ ಗಂಜಿಗೆ ಏನು ಮಾಡಬೇಕು? ನೇಯ್ಗೆಯ ಮಗ್ಗ ಬಂತು. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್‌ಸ್ಟ್ ಎಂಬ ಮಿಶನರಿ ನೇತ್ರಾವತಿಯ ಮಣ್ಣಿನಿಂದ ಹೆಂಚು ಮಾಡುವ ಕಾರ್ಖಾನೆ ಹಾಕಿದ. ಉಪದೇಶ ಪಾರಿವಾಳದ್ದು, ಏರ್ಪಾಡು ಹಾವಿನದ್ದು. ಆ ದೊರೆಗಳಲ್ಲೂ ಗರ್ವ ಇತ್ತು, ಶಿಸ್ತಿನ ಹುಚ್ಚು ಇತ್ತು, ಅದನ್ನು ಹೊಗಳಬೇಕಾಗಿಲ್ಲ. ಆದರೆ ಅವರು ಬಿಡು ಎಂದ ಕೈಗೆ ಇನ್ನೇನಾದರೂ ಕೊಟ್ಟರು.

ನಾನು ಬಿಡು ಎಂದದ್ದು ನನ್ನ ಅಕ್ಕನಿಗೆ. ಕೊಟ್ಟದ್ದು ಒಂದು ಪೆನ್ನು.

ಹನ್ನೊಂದು ವರ್ಷದ ಹಿಂದಿನ ಮಾತು. ಅಪ್ಪ ತೀರಿದ ಮೇಲೆ ಉಳಿದದ್ದು ನಲವತ್ತೆರಡು ಸೆಂಟ್ಸ್ ಜಾಗ, ಹಂಚಿನ ಮನೆ, ಒಂದು ಬಾವಿ, ಎರಡು ಹಲಸಿನ ಮರ. ಮಕ್ಕಳು ಮೂವರು: ಅಕ್ಕ, ನಾನು, ತಮ್ಮ. ಕ್ರೈಸ್ತರ ಮಗಳಿಗೂ ಮಗನಿಗೂ ಸಮಪಾಲು ಎಂದು ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರಲ್ಲೇ ಹೇಳಿದೆ. ಅದಕ್ಕಿಂತ ಹಿಂದಿನ 1865ರ ಕಾಯ್ದೆಯಲ್ಲೂ ಹಾಗೇ ಇತ್ತು. ಕೇರಳದ ತಿರುವಿದಾಂಕೂರು ಕಡೆಯ ಹೆಣ್ಣುಮಕ್ಕಳಿಗೆ ಆ ಭಾಗ್ಯವಿರಲಿಲ್ಲ. ಮೇರಿ ರಾಯ್ ಸುಪ್ರೀಂ ಕೋರ್ಟಿನ ತನಕ ಹೋಗಿ 1986ರಲ್ಲಿ ಅದನ್ನು ಗೆದ್ದರು. ನಮ್ಮ ಊರಿನಲ್ಲಿ ಯಾರೂ ಕೋರ್ಟಿಗೆ ಹೋಗಿ ಗೆಲ್ಲುವ ಅಗತ್ಯವೇ ಇರಲಿಲ್ಲ. ಕಾನೂನು ಅಷ್ಟು ಗಟ್ಟಿಯಾಗಿದ್ದ ಕಾರಣ ನಾವು ಗಂಡುಮಕ್ಕಳು ಕಾನೂನಿನ ತಂಟೆಗೆ ಹೋಗುವುದಿಲ್ಲ, ಅಕ್ಕತಂಗಿಯರ ಹತ್ತಿರ ಹೋಗುತ್ತೇವೆ.

ಹಕ್ಕು ಖುಲಾಸೆ ಪತ್ರ. ಆಡುಮಾತಿನಲ್ಲಿ ರಿಲೀಸ್ ಡೀಡು. ‘ನನ್ನ ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ’ ಎಂದು ಶುರು. ನಾವು ಸರಿಯಾಗಿಯೇ ಮಾಡಿದೆವು. ಹಿಂದಿನ ಸಂಜೆ ಮನೆಯಲ್ಲಿ ಪ್ರಾರ್ಥನೆ, ಕೀರ್ತನೆಯ ವಾಚನ, ಆಮೇಲೆ ಕೋರಿರೊಟ್ಟಿ. ಕರಡು ಪ್ರತಿಯನ್ನು ಬೈಬಲಿನ ಪಕ್ಕದಲ್ಲೇ ಇಟ್ಟಿದ್ದೆ. ಅಕ್ಕ ಬಾಲವಾಡಿ ಟೀಚರಾಗಿದ್ದವಳು, ಗಂಡ ಹೋಗಿ ಬಹಳ ಕಾಲವಾಗಿತ್ತು, ಬಾಡಿಗೆ ಮನೆ. ಅವಳ ಬಗ್ಗೆ ಮಾತು ಬಂದರೆ ಇಡೀ ಕುಟುಂಬ ಒಂದೇ ಸ್ವರದಲ್ಲಿ ಹೇಳುತ್ತಿದ್ದದ್ದು, "ಅವಳು ಪಾಪದವಳು." ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನಲ್ಲಿ ಕೂತು ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು.

"ಓದ್ಬೇಕಾ ತಮ್ಮಾ?"

"ಬೇಡ ಅಕ್ಕ. ಬರೀ ಫಾರ್ಮಾಲಿಟಿ."

ಹಾಕಿದಳು. ಹೆಬ್ಬೆರಳು, ಫೋಟೋ, ಎಲ್ಲ ಆಯಿತು. ಅವಳಿಗೊಂದು ಸೀರೆ, ಶಿಲುಬೆಯ ಚಿತ್ರದ ಕವರಿನಲ್ಲಿ ಐವತ್ತು ಸಾವಿರ. ಅವಳ ಮದುವೆಗೆ ಅಪ್ಪ ಖರ್ಚು ಮಾಡಿದ್ದರು, ಬಂಗಾರ ಹಾಕಿದ್ದರು, ಹೆಣ್ಣುಮಗಳಿಗೆ ಒಂಟಿಯಾಗಿ ಜಾಗ ನೋಡಿಕೊಳ್ಳುವುದೂ ಕಷ್ಟ. ಈ ಮೂರು ಕಾರಣಗಳನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಎಣಿಸಿದ್ದೇನೆಂದರೆ ಅಯ್ಯನವರು ಕೇಳಿದರೆ ಮೂರು ತಲೆಬರಹದ ಪ್ರಸಂಗವನ್ನೇ ಮಾಡಿಬಿಡುತ್ತಿದ್ದೆ.

ಈ ವರ್ಷದ ಬೆಳೆಹಬ್ಬಕ್ಕೆ ಅಕ್ಕ ಒಂದು ಸಿಹಿಗುಂಬಳ ತಂದಿದ್ದಳು. ಬಾಡಿಗೆ ಮನೆಯ ಹಿತ್ತಿಲಿನಲ್ಲಿ ಬೆಳೆದದ್ದು, ಎಂಟು ಕಿಲೋ ತೂಗುವಂಥದ್ದು, ತೊಟ್ಟಿಗೆ ಕೆಂಪು ರಿಬ್ಬನು. ಬೆಳೆಹಬ್ಬದ ಏಲಂ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಜನ ತಂದೊಪ್ಪಿಸಿದ ಬಾಳೆಗೊನೆ, ಬಸಳೆ ಕಟ್ಟು, ಊರಕೋಳಿಯ ಮೊಟ್ಟೆ, ಹಲಸಿನ ಹಪ್ಪಳ ಎಲ್ಲವನ್ನೂ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಕೂಗುತ್ತಾರೆ, ದುಡ್ಡು ಸಭೆಗೆ. ತರಕಾರಿಗೆ ಇಲ್ಲಿ ತರಕಾರಿಯ ಬೆಲೆ ಇಲ್ಲ, ಕೂಗುವವನ ಬೆಲೆ. ಜಾಗ ಮಾರಿದ ಹಿರಿಯರು ಒಂದೇ ಒಂದು ಮೊಟ್ಟೆಯನ್ನು ಆರುನೂರಕ್ಕೆ ಹಿಡಿದರು. ಮಂಚದ ಕೆಳಗಿನ ಬ್ಯಾಗಿನ ನೆನಪಾಯಿತು. ದುಡ್ಡು ಹೇಗೋ ಬಂದು ಹೇಗೋ ದೇವರಿಗೆ ಸೇರುತ್ತದೆ, ಬ್ಲ್ಯಾಕು ವೈಟಾಗುವ ಇಂಥ ಚೆಂದದ ದಾರಿ ಬೇರೆ ಇಲ್ಲ.

ಅಕ್ಕನ ಕುಂಬಳ ಮೇಲೆ ಬಂದಾಗ ನನಗೇನಾಯಿತೋ, ಐನೂರರಿಂದ ಶುರುವಾದದ್ದನ್ನು ಬಿಡದೆ ಎತ್ತಿಕೊಂಡು ಹೋದೆ. ಎರಡು ಸಾವಿರ. ಎರಡೂವರೆ. ಯಾರೋ ಹಿಂದಿನಿಂದ ಬೇಕೆಂದೇ ಏರಿಸುತ್ತಿದ್ದರು. ‘ಒಂದು ಸರ್ತಿ, ಎರಡು ಸರ್ತಿ’ ಎಂದು ಮೈಕಿನವನು ಎಳೆಯುತ್ತಿದ್ದ. ಮೂರು ಸಾವಿರದ ಇನ್ನೂರಕ್ಕೆ ನನ್ನದಾಯಿತು. ಸ್ಕ್ಯಾನ್ ಮಾಡಿದೆ. ಯಾವ ಗೀತೆಯೂ ಇಲ್ಲದ, ಆರ್ಗನ್ ಇಲ್ಲದ ಹೊತ್ತು ನೋಡಿಯೇ ಮಾಡಿದೆ ಎಂದು ಒಪ್ಪಿಕೊಳ್ಳುತ್ತೇನೆ. ‘ಮೂರು ಸಾವಿರದ ಇನ್ನೂರು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಆ ಹುಡುಗಿ ಅಂಗಳವಿಡೀ ಕೇಳುವ ಹಾಗೆ ಹೇಳಿದಳು. ಎದೆಯ ಮೇಲಿನ ಹನ್ನೊಂದು ವರ್ಷದ ಕಲ್ಲು ಅಷ್ಟಕ್ಕೇ ಇಳಿದ ಹಾಗಾಯಿತು. ಸೋವಿಯಾಯಿತು ಎಂದೂ ಅನಿಸಿತು, ಬ್ಯಾಂಕಿನ ಬುದ್ಧಿ.

ಕುಂಬಳ ಎತ್ತಿಕೊಂಡು ಮಾವಿನ ಮರದ ಕೆಳಗೆ ಹೋದೆ. ಅಕ್ಕ ಕಾಗದದ ಲೋಟದಲ್ಲಿ ಪಾಯಸ ಕುಡಿಯುತ್ತಾ ಕೂತಿದ್ದಳು.

"ಅಷ್ಟು ಯಾಕೆ ಕೂಗಿದೆ? ಮನೆಗೆ ಬಂದಿದ್ರೆ ಸುಮ್ಮನೆ ಕೊಡ್ತಿದ್ದೆ," ಎಂದಳು.

"ಅಲ್ಲ ಅಕ್ಕ, ಸಭೆಗೆ ಅಲ್ವಾ..." ಎಂದು ತೊದಲಿದೆ. ಏನೋ ಹೇಳಬೇಕು ಎನಿಸಿ, "ಆವತ್ತು ನೀನು ಓದದೆ ಸಹಿ ಹಾಕಿದ್ದು, ಅದೊಂದು ನನಗೆ..." ಎಂದೆ.

"ಓದದೆ ಯಾರು ಹಾಕಿದ್ದು?" ಅವಳು ಲೋಟದ ತಳದ ದ್ರಾಕ್ಷಿಯನ್ನು ಬೆರಳಿನಿಂದ ತೆಗೆಯುತ್ತಿದ್ದಳು. "ಹಿಂದಿನ ರಾತ್ರಿ ನೀವೆಲ್ಲ ಮಲಗಿದ ಮೇಲೆ ಬೈಬಲಿನ ಹತ್ತಿರ ಇತ್ತಲ್ಲ, ಪೂರ್ತಿ ಓದಿದೆ. ನಿಂಗೆ ಬೇಕು ಅಂತ ಉಂಟು, ತಗೋ ಅಂತ ಹಾಕಿದೆ. ಮೂರನೇ ಪುಟ ನೋಡಿಲ್ವಾ ನೀನು?"

"ಎಂತ?"

"ಸರ್ವೆ ನಂಬ್ರ. ನಮ್ಮದು 2ಬಿ. ಅದರಲ್ಲಿ 2ಎ ಅಂತ ಬರೆದಿದ್ದಾರೆ. 2ಎ ಆಚೆಮನೆಯವರ ತೆಂಗಿನ ತೋಟ. ನಾನು ಹಕ್ಕು ಬಿಟ್ಟುಕೊಟ್ಟದ್ದು ಅವರ ತೋಟದ ಮೇಲೆ."

ಮೂವತ್ತಾರು ವರ್ಷ ಊರವರ ದಾಖಲೆಗಳ ಪ್ರತಿ ಪುಟಕ್ಕೂ ಬೆರಳು ಒದ್ದೆ ಮಾಡಿಕೊಂಡವನು ನಾನು. ಕುಂಬಳ ಕೈಯಲ್ಲಿ ಇನ್ನಷ್ಟು ಭಾರವಾಯಿತು.

"ಮತ್ತೆ ಹನ್ನೊಂದು ವರ್ಷ ಹೇಳ್ಲೇ ಇಲ್ವಲ್ಲ ಅಕ್ಕ!"

"ನೀನು ಕೇಳ್ಲೇ ಇಲ್ವಲ್ಲ." ಅವಳು ಲೋಟವನ್ನು ಬುಟ್ಟಿಗೆ ಹಾಕಿ ಸೆರಗಿನಿಂದ ಕೈ ಒರೆಸಿಕೊಂಡಳು. "ತಿದ್ದುಪಡಿ ಪತ್ರ ಮಾಡಿಸುದಾದ್ರೆ ನನ್ನ ಸಹಿ ಪುನಃ ಬೇಕಾಗ್ತದೆ. ಯಾವತ್ತು ಅಂತ ಹೇಳು, ಬರ್ತೇನೆ. ಬುಧವಾರ ಮಾತ್ರ ಇಡ್ಬೇಡ, ಸ್ತ್ರೀಯರ ಕೂಟ ಉಂಟು."